ಕನ್ನಡಿ ಮತ್ತು ಕಂಠ

1935ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದಲ್ಲಿ ‘ಧರ್ಮಾತ್ಮಾ’ ಎಂಬ ಮರಾಠಿ ಚಲಚ್ಚಿತ್ರವೊಂದು ಸಿದ್ಧವಾಯಿತು. ನಿರ್ದೇಶಕರು ವಿ. ಶಾಂತಾರಾಮರು; ಕಥೆ ಸಂತ ಏಕನಾಥರದು. ‘ಮಹಾತ್ಮಾ’ ಎಂದಿದ್ದ ಮೂಲ ಹೆಸರು ಗಾಂಧೀಜಿಯವರನ್ನು ನೆನಪಿಸುತ್ತದೆಂದು ಸೆನ್ಸಾರಿನವರು ಅದನ್ನು ಬದಲಾಯಿಸಿದರು. ಅದು ಹಾಗಿರಲಿ. ಏಕನಾಥರ ಪಾತ್ರ ವಹಿಸಿದವರಿಗೆ ಆಗ ನಲವತ್ತೇಳರ ಪ್ರಾಯ. ಆ ವಯಸ್ಸಿನ ಗಂಡಸೊಬ್ಬ ಸಂತನ ವೇಷ ಧರಿಸುವುದರಲ್ಲಿ ವಿಶೇಷವೇನು ಎಂದು ಇಂದಿನ ವಾಚಕರು ಕೇಳಬಹುದು. ಆದರೆ ಅಂದಿನ ಪ್ರೇಕ್ಷಕರಿಗೆ ಅದೊಂದು ಆಘಾತವೇ ಸರಿ. ಏಕೆಂದರೆ ಮೂವತ್ತು ವರ್ಷಗಳ ಕಾಲ ಅವರು ಆ ಮನುಷ್ಯನನ್ನು ಶಕುಂತಲೆಯೆಂದು, ಭಾಮಿನಿಯೆಂದು, ರುಕ್ಮಿಣಿಯೆಂದು ಕಂಡಿದ್ದರೇ ಹೊರತು ಗಂಡಸೆಂದು ಕಂಡಿರಲಿಲ್ಲ.

ಅವರೇ ನಾರಾಯಣ ಶ್ರೀಪಾದ ರಾಜಹಂಸ, ಲೋಕಕ್ಕೆ ಬಾಲಗಂಧರ್ವ. 1888ರ ಜೂನ್ 26ರಂದು ಹುಟ್ಟಿದ ಈ ಬಾಲಕನ ಹಾಡನ್ನು ಕೇಳಿ ಲೋಕಮಾನ್ಯ ತಿಲಕರು ಆ ಹೆಸರಿಟ್ಟು ಕರೆದರೆಂಬುದು ಪ್ರಸಿದ್ಧವಾದ ಮಾತು. ಹೆಸರಿನಲ್ಲಿ ‘ಬಾಲ’ ಎಂಬುದು ಸೇರಿಕೊಂಡದ್ದು ಅಂದು ಮುದ್ದಿಗೆ. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರು ‘ಬಾಲ’ರಾಗಿಯೇ ಉಳಿದಿದ್ದರು. ಮುಪ್ಪನ್ನು ಎದುರಿಸಬೇಕಾದ ಕಲಾವಿದನಿಗೆ ಇಂಥ ಹೆಸರು ವರವೂ ಹೌದು, ಭಾರವೂ ಹೌದು.

1905ರಲ್ಲಿ ಅವರು ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿ ಮಿರಜಿನಲ್ಲಿ ಶಕುಂತಲೆಯಾಗಿ ರಂಗವೇರಿದರು. ಕುಲೀನ ಸ್ತ್ರೀಯರು ರಂಗಸ್ಥಳಕ್ಕೆ ಬಾರದಿದ್ದ ಕಾಲವದು. ಹೆಣ್ಣಿನ ಪಾತ್ರ ಗಂಡಸರ ಪಾಲಿನದು. ಸ್ತ್ರೀವೇಷ ಹಾಕಿದವರು ಅನೇಕರಿದ್ದರು. ಆದರೆ ವೇಷದೊಳಗಿನ ಗಂಡಸನ್ನು ಪ್ರೇಕ್ಷಕರು ಪೂರ್ತಿಯಾಗಿ ಮರೆತದ್ದು ಇವರೊಬ್ಬರ ಮುಂದೆ. ಒಂಬತ್ತು ಗಜದ ಸೀರೆಯನ್ನು ಅವರು ಉಟ್ಟ ಬಗೆ, ತುರುಬಿಗೆ ಹೂ ಮುಡಿದ ಬಗೆ, ಸೆರಗು ಎಳೆದುಕೊಂಡ ಬಗೆ—ಇವನ್ನು ಪುಣೆ ಮುಂಬಯಿಗಳ ಸಂಭಾವಿತ ಗೃಹಿಣಿಯರು ಅನುಕರಿಸತೊಡಗಿದರು. ಹೆಣ್ಣಿಗೆ ಅಲಂಕಾರದ ಪಾಠವನ್ನು ಗಂಡಸೊಬ್ಬ ಕಲಿಸಿದ ಈ ವಿಪರೀತ ನಮ್ಮ ದೇಶದ ಸಾಮಾಜಿಕ ಚರಿತ್ರೆಯಲ್ಲಿ ಇನ್ನೂ ತಕ್ಕಷ್ಟು ವಿಚಾರಕ್ಕೆ ಬಂದಿಲ್ಲ.

ಆ ರೂಪವು ತಾನಾಗಿ ಒದಗಿದುದಲ್ಲ. 1913ರಲ್ಲಿ ಗೋವಿಂದರಾವ್ ಟೇಂಬೆ, ಗಣಪತರಾವ್ ಬೋಡಸರೊಡನೆ ಸೇರಿ ಅವರು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದ ಮೇಲೆ ವೇಷಭೂಷಣಕ್ಕೆ ಹಣವನ್ನು ನೀರಿನಂತೆ ಚೆಲ್ಲಿದರು. ಅಸಲು ಜರಿಯ ಸೀರೆಗಳು, ಅತ್ತರು, ಕಣ್ಣು ಕೋರೈಸುವ ರಂಗಸಜ್ಜಿಕೆ. ತಬಲೆಗೆ ಅಹಮದ್ ಜಾನ್ ತಿರಕವಾರಂಥ ಘನ ವಿದ್ವಾಂಸರು. ಕೊನೆಯ ಸಾಲಿನಲ್ಲಿ ಕುಳಿತವನಿಗೆ ಜರಿ ಅಸಲೋ ನಕಲೋ ತಿಳಿಯುವುದುಂಟೆ? ವ್ಯವಹಾರ ಬಲ್ಲವರು ಕೇಳಬೇಕಾದ ಪ್ರಶ್ನೆಯೇ ಅದು. ಬಾಲಗಂಧರ್ವರು ವ್ಯವಹಾರ ಬಲ್ಲವರಲ್ಲ. ಪ್ರೇಕ್ಷಕರನ್ನು ‘ಮಾಯಬಾಪ್’ ಎಂದು, ಅಂದರೆ ತಂದೆತಾಯಿಗಳೆಂದು, ಕರೆದು ಕೈಜೋಡಿಸುತ್ತಿದ್ದವರು ಅವರು. ತಂದೆತಾಯಿಗಳ ಮುಂದೆ ನಕಲಿ ಜರಿ ಉಟ್ಟು ನಿಲ್ಲುವುದು ಅವರಿಗೆ ಸಾಧ್ಯವಿರಲಿಲ್ಲ. ಕಂಪನಿ ಸಾಲದಲ್ಲಿ ಮುಳುಗಿತು.

ವೇಷದ ಮೇಲಿನ ಈ ನಿಷ್ಠೆ ಎಷ್ಟು ಕಠೋರವಾಗಬಲ್ಲುದೆಂಬುದಕ್ಕೆ 1911ರ ಮಾರ್ಚ್ ತಿಂಗಳ ಒಂದು ದಿನವೇ ಸಾಕು. ‘ಮಾನಾಪಮಾನ’ ನಾಟಕದ ಪ್ರಥಮ ಪ್ರಯೋಗ ಅಂದು. ಅಂದೇ ಅವರ ಎಳೆಯ ಮಗಳು ತೀರಿಕೊಂಡಳು. ಪ್ರಯೋಗವನ್ನು ಮುಂದೂಡೋಣವೆಂದು ಜೊತೆಯವರು ಅಂದುಕೊಂಡರೂ ಅವರು ಒಪ್ಪಲಿಲ್ಲ. ಇಪ್ಪತ್ತೆರಡರ ಆ ತಂದೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಭಾಮಿನಿಯಾಗಿ ಹೊರಬಂದು ಹಾಡಿದರು. ಇದನ್ನು ಧೈರ್ಯವೆನ್ನುವವರುಂಟು, ನಿಷ್ಕರುಣೆಯೆನ್ನುವವರೂ ಉಂಟು. ಬಣ್ಣದ ಹಿಂದೆ ಅಡಗಿಕೊಳ್ಳುವ ಅವಕಾಶವಿಲ್ಲದಿದ್ದರೆ ಅವರು ಆ ರಾತ್ರಿಯನ್ನು ಕಳೆಯುತ್ತಿದ್ದರೇ ಎಂಬ ಸಂದೇಹವೂ ಏಳದಿರದು.

1916ರಲ್ಲಿ ‘ಸ್ವಯಂವರ’ದ ರುಕ್ಮಿಣಿ ಬಂದಳು. 1919ರಲ್ಲಿ ರಾಮ ಗಣೇಶ ಗಡಕರಿಯವರ ‘ಏಕಚ ಪ್ಯಾಲಾ’ದ ಸಿಂಧು. ಕುಡುಕ ಗಂಡನ ಕೈಹಿಡಿದು ಬಡತನಕ್ಕಿಳಿದ ಸಿಂಧುವಾಗಿ ಅವರು ಒಡವೆ ವಸ್ತ್ರಗಳನ್ನೆಲ್ಲ ಬಿಟ್ಟು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದರು. ಜರಿಯಿಲ್ಲದೆಯೂ ಜನ ಅತ್ತರು. ರೂಪಕ್ಕಿಂತ ಹಿರಿದಾದುದೊಂದು ತಮ್ಮಲ್ಲಿದೆಯೆಂಬುದಕ್ಕೆ ಅವರಿಗೇ ದೊರೆತ ಸಾಕ್ಷಿ ಇದು. ಈ ಸಾಕ್ಷಿಯನ್ನು ಅವರು ಮುಂದೆ ಏಕೆ ನಂಬಲಿಲ್ಲವೋ!

ಕಾಲ ನಿಲ್ಲಲಿಲ್ಲ. ಕೃಶವಾದ ಮೈ ತುಂಬಿಕೊಂಡಿತು. ಗಲ್ಲದ ರೇಖೆ ಸಡಲಿತು. ನಾಟಕಮಂದಿರದ ದೀಪಗಳು ದಯಾಳುಗಳು: ಬೆಳಕು ಒಂದೇ ದಿಕ್ಕಿನಿಂದ ಬಿದ್ದು, ಬಣ್ಣದ ಲೇಪದ ಮೇಲೆ ಹರಡಿ, ಹತ್ತು ಮಾರು ದೂರದಲ್ಲಿರುವವನ ಕಣ್ಣಿಗೆ ವಯಸ್ಸನ್ನು ಮರೆಸುತ್ತವೆ. ಚಲಚ್ಚಿತ್ರದ ಯಂತ್ರಕ್ಕೆ ಅಂಥ ದಾಕ್ಷಿಣ್ಯವಿಲ್ಲ. ‘ಧರ್ಮಾತ್ಮಾ’ದಲ್ಲಿ ಗಂಡಸಿನ ಪಾತ್ರ ವಹಿಸಿದ ನಂತರ ಅವರು ಪ್ರಭಾತ್ ಸಂಸ್ಥೆಯನ್ನು ಬಿಟ್ಟರು. ಎದುರಿಗೆ ಮಾಯಬಾಪ್ ಇಲ್ಲ, ‘ಒನ್ಸ್ ಮೋರ್’ ಎಂಬ ಕೂಗಿಲ್ಲ. ತುಣುಕು ತುಣುಕಾಗಿ ಹಾಡಬೇಕು, ನಿಲ್ಲೆಂದಾಗ ನಿಲ್ಲಬೇಕು. ಒಂದೇ ಪದವನ್ನು ಹತ್ತು ಬಗೆಯಲ್ಲಿ ಹಾಡಿ ಬೆಳಗು ಮಾಡಿಸುತ್ತಿದ್ದವರಿಗೆ ಇದು ಸೆರೆಮನೆಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. 1937ರಲ್ಲಿ ಮತ್ತೆ ಕ್ಯಾಮೆರಾದ ಮುಂದೆ ಬಂದರು—ಈ ಬಾರಿ ಸಾಧ್ವಿ ಮೀರಾಬಾಯಿಯಾಗಿ! ಐವತ್ತರ ಹೊಸ್ತಿಲಲ್ಲಿದ್ದ ಆ ಮೀರಾಬಾಯಿಯನ್ನು ಚಿತ್ರದ ಪರದೆ ಒಪ್ಪಿಕೊಳ್ಳಲಿಲ್ಲ. ಮುಪ್ಪಿನ ಬಗೆಗೆ ಅವರ ಆಲೋಚನೆಯೇನೆಂದು ಬಾಯಿಮಾತಿನಲ್ಲಿ ಹುಡುಕಬೇಕಾಗಿಲ್ಲ. ಗಡ್ಡದ ಸಂತನಾಗಿ ಗೌರವದಿಂದ ನಡೆಯಬಹುದಾಗಿದ್ದ ದಾರಿ ತೆರೆದಿದ್ದರೂ ಅವರು ಮರಳಿ ಸೀರೆಯನ್ನೇ ಆರಿಸಿಕೊಂಡ ಈ ಒಂದು ನಿರ್ಧಾರದಲ್ಲಿಯೇ ಅದಿದೆ.

ಇಲ್ಲಿ ಕನ್ನಡನಾಡಿನ ಹೆಣ್ಣುಮಗಳೊಬ್ಬಳ ಪ್ರವೇಶವಾಗುತ್ತದೆ. ವಿಜಾಪುರ ಸೀಮೆಯ ಬೀಳಗಿಯಿಂದ ಬಂದ ಗೋಹರಬಾಯಿ ಕರ್ನಾಟಕಿ. ಚಿತ್ರರಂಗದ ಹಿನ್ನೆಲೆಗಾಯಕಿ ಅಮೀರಬಾಯಿ ಕರ್ನಾಟಕಿಯ ಸೋದರಿ. ಬಾಲಗಂಧರ್ವರ ಗಾಯನವನ್ನು ಆರಾಧಿಸಿ, ಅವರ ಪದಗಳನ್ನು ಅವರದೇ ಧಾಟಿಯಲ್ಲಿ ಹಾಡಿ ಗ್ರಾಮಫೋನ್ ತಟ್ಟೆಗಳಿಂದ ಹೆಸರಾದವಳು. 1938ರಲ್ಲಿ ಆಕೆ ಕಂಪನಿ ಸೇರಿದಳು. ಸ್ತ್ರೀಪಾತ್ರಗಳು ಆಕೆಯ ಕಡೆಗೆ ಸರಿದವು, ಬಾಲಗಂಧರ್ವರು ಪುರುಷಪಾತ್ರಕ್ಕೆ ಸರಿದರು. ಹೆಣ್ಣನ್ನು ನಟಿಸಿದ ಗಂಡಸನ್ನು ಅನುಕರಿಸಿ ಹೆಣ್ಣೇ ಹೆಣ್ಣಿನ ಪಾತ್ರ ವಹಿಸಿದ ಈ ಸುತ್ತು ದಾರಿ ವಿಚಿತ್ರವಾದುದು. ಜನ ಇದನ್ನು ಮೆಚ್ಚಲಿಲ್ಲ. ಬಾಲಗಂಧರ್ವರ ಪತನಕ್ಕೆ ಗೋಹರಬಾಯಿಯೇ ಕಾರಣವೆಂದು ಹಳೆಯ ಅಭಿಮಾನಿಗಳು ಹಳಿದರು. ಬಡವಿ, ಪರಭಾಷೆಯವಳು, ಅನ್ಯಧರ್ಮದವಳು. ದೂರಲು ಇನ್ನೇನು ಬೇಕು? ದೋಷವಿದ್ದದ್ದು ಆಕೆಯಲ್ಲಲ್ಲ, ಕಾಲದಲ್ಲಿ: ವಾಕ್ಚಿತ್ರ ಬಂದಿತ್ತು, ಸ್ತ್ರೀಯರು ರಂಗಕ್ಕೆ ಬಂದಿದ್ದರು, ರಾಣಿ ರುಕ್ಮಿಣಿಗೆ ವಯಸ್ಸಾಗಿತ್ತು. 1951ರಲ್ಲಿ ಅವರು ಮದುವೆಯಾದರು. ಬಾಲಗಂಧರ್ವರ ಕಾಲುಗಳು ಸ್ವಾಧೀನ ತಪ್ಪಿದ ವರ್ಷಗಳಲ್ಲಿ, ಹೊಗಳಿದ ಊರುಗಳು ಮರೆತ ದಿನಗಳಲ್ಲಿ, ಪಕ್ಕದಲ್ಲಿದ್ದವಳು 1964ರಲ್ಲಿ ತಾನೇ ಕಣ್ಮುಚ್ಚುವವರೆಗೂ ಈ ಬೀಳಗಿಯ ಹೆಣ್ಣೇ.

ಅರವತ್ತು ದಾಟಿದ ಮೇಲೂ ಅವರು ಕೆಲವೊಮ್ಮೆ ಸ್ತ್ರೀವೇಷ ಧರಿಸಿದುದುಂಟು. ನೋಡಿದವರಲ್ಲಿ ಕೆಲವರಿಗೆ ಅದು ಕರುಣಾಜನಕವಾಗಿ ಕಂಡಿತು. ಕೆಲವರು ಕಣ್ಣು ಮುಚ್ಚಿಕೊಂಡು ಕೇಳಿದರು. ಕಣ್ಣು ಮುಚ್ಚಿದವರು ಭಾಗ್ಯವಂತರು.

ಇದೇ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಇದರ ಪ್ರತಿಬಿಂಬದಂಥ ಘಟನೆಯೊಂದು ನಡೆಯುತ್ತಿತ್ತು. ಕುಂದಗೋಳದ ರಾಮಭಾವು ಕೂಡ ಒಂದು ಕಾಲಕ್ಕೆ ಮರಾಠಿ ರಂಗಭೂಮಿಯಲ್ಲಿ ಸ್ತ್ರೀವೇಷಕ್ಕೆ ಹೆಸರಾದವರೇ. ಬಾಲಗಂಧರ್ವರಿಗೆ ಸವಾಯಿ, ಅಂದರೆ ಒಂದೂಕಾಲು ಪಾಲು ಮಿಗಿಲು, ಎಂಬ ಮೆಚ್ಚಿಕೆಯಿಂದ ‘ಸವಾಯಿ ಗಂಧರ್ವ’ರೆನಿಸಿದರು. ಆದರೆ ಅವರು ಸಕಾಲದಲ್ಲಿ ಬಣ್ಣ ತೊಳೆದು ಊರಿಗೆ ಬಂದು ಶಿಷ್ಯರಿಗೆ ಪಾಠ ಹೇಳಲು ಕುಳಿತರು. ಭೀಮಸೇನ ಜೋಶಿ, ಫಿರೋಜ್ ದಸ್ತೂರ್, ಗಂಗೂಬಾಯಿ ಹಾನಗಲ್—ಆ ನಿವೃತ್ತಿಯ ಫಲಗಳು.

ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡವರು. 1930ರ ದಶಕದಲ್ಲಿ ಮುದ್ರಿತವಾದ ಅವರ ತಟ್ಟೆಗಳಲ್ಲಿ ಕೇಳುವುದು ಎಳೆಯ, ತೆಳು, ತಾರಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಹೆಣ್ಣುದನಿ. ಆಮೇಲೆ ಗಂಟಲಿನ ಗಡ್ಡೆಗಳಿಗೆ ಚಿಕಿತ್ಸೆಯಾಯಿತು; ದನಿ ಒಡೆದು ಕೆಳಗಿಳಿಯಿತು. ಗಾಯಕಿಯೊಬ್ಬಳಿಗೆ ಮುಖದ ಸುಕ್ಕಿಗಿಂತ ನೂರು ಪಾಲು ಭಯಂಕರವಾದ ಮಾರ್ಪಾಡು ಇದು. ಸುಕ್ಕು ಬರುವುದು ನಿಧಾನ. ಇದು ಪ್ರಾಯದಲ್ಲೇ ಒಮ್ಮೆಲೆ ಬಂದ ಮುಪ್ಪು. ವೈದ್ಯರು ಹೇಳುವಂತೆ ವಯಸ್ಸಾದಂತೆ ಹೆಂಗಸರ ಧ್ವನಿತಂತುಗಳು ದಪ್ಪವಾಗಿ ದನಿ ತಗ್ಗುತ್ತದೆ, ಗಂಡಸರವು ಸೊರಗಿ ದನಿ ತುಸು ಏರುತ್ತದೆ. ಮುದಿತನದಲ್ಲಿ ಪ್ರಕೃತಿಯೇ ಎರಡನ್ನೂ ಹತ್ತಿರಕ್ಕೆ ತರುತ್ತದೆ. ಗಂಗೂಬಾಯಿಯವರ ಪಾಲಿಗೆ ಮಾತ್ರ ಅದು ಮೂವತ್ತರ ಸುಮಾರಿಗೇ ಬಂದಿತು.

ಅವರು ಹಳೆಯ ದನಿಯನ್ನು ಅರಸಿ ಹೋಗಲಿಲ್ಲ. ಶ್ರುತಿಯನ್ನು ಇಳಿಸಿಕೊಂಡರು. ಒಂದು ಕೈಯನ್ನು ಕಿವಿಗೆ ಒತ್ತಿ, ದೊಡ್ಡ ಕುಂಕುಮದ ಮುಖವನ್ನು ತುಸು ಓರೆಮಾಡಿ, ಆ ಗಂಭೀರ ಘೋಷದಲ್ಲಿಯೇ ರಾಗದ ಗೋಡೆಯನ್ನು ಕಲ್ಲಿಗೆ ಕಲ್ಲು ಜೋಡಿಸಿದಂತೆ ಕಟ್ಟಿದರು. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ಗಂಡಸೆಂದು ಭ್ರಮಿಸಬಹುದು. ಅದರಿಂದ ಅವರಿಗೆ ಕುಂದೇನಿಲ್ಲ. ತಮ್ಮ ರೂಪದ ವಿಷಯವಾಗಿ ಅವರಿಗೆ ಚಿಂತೆಯಿದ್ದಂತೆ ತೋರುವುದಿಲ್ಲ. ಕೊರಗಿದ್ದುದು ಬೇರೆಯದಕ್ಕೆ: ಗಾಯಕ ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ ಮೋಗೂಬಾಯಿಯರಂಥ ಹೆಂಗಸರು ಮಾತ್ರ ಎಂದೆಂದಿಗೂ ಬಾಯಿಯರಾಗಿಯೇ ಉಳಿಯುತ್ತಾರೆ ಎಂಬರ್ಥದ ಅವರ ಮಾತು ಚುಚ್ಚುವಂಥದು. ಮಗಳು ಕೃಷ್ಣಾ ಪಕ್ಕದಲ್ಲಿ ಕುಳಿತು ಹಾಡುತ್ತಿದ್ದರು. ತಾಯಿಯ ದನಿ ತಳದಲ್ಲಿ ನಡೆದರೆ ಮಗಳದು ಮೇಲೆ ನಡೆಯುತ್ತಿತ್ತು. 2004ರಲ್ಲಿ ಆ ಮಗಳೂ ಹೋದರು. 2006ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಗಂಗೂಬಾಯಿ ಮತ್ತೊಮ್ಮೆ ವೇದಿಕೆಯೇರಿ ಹಾಡಿದರು. ಅದು ಅವರ ಕೊನೆಯ ಕಚೇರಿ. 2009ರ ಜುಲೈ 21ರಂದು ನಿಧನರಾದಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಇವರಿಬ್ಬರನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸುಲಭ, ಆದರೆ ನ್ಯಾಯವಲ್ಲ. ಗಂಗೂಬಾಯಿಯವರಿಂದ ಜನ ಬಯಸಿದ್ದು ದನಿಯನ್ನು. ಬಾಲಗಂಧರ್ವರಿಂದ ಬಯಸಿದ್ದು ದನಿಯನ್ನೂ, ಅದರೊಡನೆ ಎಂದೂ ಬಾಡದ ಇಪ್ಪತ್ತರ ಚೆಲುವೆಯೊಬ್ಬಳನ್ನೂ. ಆ ಚೆಲುವೆ ಅವರ ಸ್ವಂತದ್ದಾಗಿರಲಿಲ್ಲ. ಸಾಲ ಮಾಡಿ ತಂದು ಪ್ರತಿರಾತ್ರಿ ತೋರಿಸಿ ಒಪ್ಪಿಸಬೇಕಾದ ಒಡವೆಯಾಗಿದ್ದಳು. ಅವಳನ್ನು ಬೇಡಿದ ಜನರೇ ಮುಂದೆ ಅವಳಿಗೆ ವಯಸ್ಸಾಯಿತೆಂದು ನಕ್ಕರು.

ಕೊನೆಯ ವರ್ಷಗಳಲ್ಲಿ ಬಾಲಗಂಧರ್ವರು ಕುಳಿತಲ್ಲಿಯೇ ಭಜನೆಗಳನ್ನು ಹಾಡುತ್ತಿದ್ದರು. ಸರಕಾರ 1964ರಲ್ಲಿ ಪದ್ಮಭೂಷಣವನ್ನಿತ್ತಿತು. ಅದಕ್ಕೆ ಎರಡು ವರ್ಷ ಮೊದಲು, 1962ರಲ್ಲಿ, ಪುಣೆಯಲ್ಲಿ ತಮ್ಮದೇ ಹೆಸರಿನ ರಂಗಮಂದಿರಕ್ಕೆ ಅವರು ಅಸ್ತಿಭಾರದ ಕಲ್ಲನ್ನಿಟ್ಟಿದ್ದರು. ಕಟ್ಟಡ ಮುಗಿಯುವುದನ್ನು ಕಾಣಲಿಲ್ಲ. 1967ರ ಜುಲೈ 15ರಂದು ತೀರಿಕೊಂಡರು. ಮರುವರ್ಷ ಅವರ ಜನ್ಮದಿನದಂದು ಮಂದಿರದ ಬಾಗಿಲು ತೆರೆಯಿತು. ಅದಕ್ಕಾಗಿ ಚಿತ್ರಕಾರ ಗೋಪಾಳ ದೇವುಸ್ಕರರು ಅವರ ಎರಡು ತೈಲಚಿತ್ರಗಳನ್ನು ಬರೆದುಕೊಟ್ಟರು. ಒಂದರಲ್ಲಿ ಸೀರೆಯುಟ್ಟ ನಾಯಿಕೆ. ಇನ್ನೊಂದರಲ್ಲಿ ನಾರಾಯಣರಾವ್ ರಾಜಹಂಸ.