ಸರ್ಪಸುತ್ತಿನ ಮಾತ್ರೆ: ಹಿರಿಯರ ವಿಷಯದಲ್ಲಿ ಎಚ್ಚರ

ಸರ್ಪಸುತ್ತು ಕಾಣಿಸಿಕೊಂಡರೆ ಸಾಧ್ಯವಾದಷ್ಟೂ 72 ಗಂಟೆಯೊಳಗೆ ಅಸೈಕ್ಲೋವಿರ್ ಅಥವಾ ವಾಲಾಸೈಕ್ಲೋವಿರ್ ಮಾತ್ರೆ ಆರಂಭಿಸಬೇಕು. ಇವು ಒಳ್ಳೆಯ ಔಷಧಗಳು. ಆದರೆ ಇವು ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ. ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಗ್ಗುತ್ತದೆ. ಕ್ರಿಯಾಟಿನಿನ್ ವರದಿ ನಾರ್ಮಲ್ ಇದ್ದರೂ ಕುಗ್ಗಿರಬಹುದು. ಆಗ ದಿನಕ್ಕೆ 5 ಬಾರಿ 800 ಮಿ.ಗ್ರಾಂ. ಅಸೈಕ್ಲೋವಿರ್ ಎಂಬ ಸಾಮಾನ್ಯ ಪ್ರಮಾಣವೂ ಹೆಚ್ಚಾಗಿ, ಮೆದುಳನ್ನು ಬಾಧಿಸಬಹುದು.

ಮಾತ್ರೆ ಶುರುವಾದ ಎರಡು ಮೂರು ದಿನಗಳಲ್ಲಿ ಹಿರಿಯರು ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲದವರನ್ನು ಕಂಡೆ ಎಂದರೆ, ಕೈ ನಡುಗಿದರೆ, ನಡೆ ತಪ್ಪಿದರೆ, ಮಂಪರು ಕವಿದರೆ ಅದನ್ನು ಅರಳುಮರಳು ಎಂದೋ ಜಿನ್ನ್ ಸೋಂಕು ಎಂದೋ ಕಾಯುತ್ತಾ ಕೂರಬೇಡಿ. ಮುಂದಿನ ಮಾತ್ರೆಗೆ ಮೊದಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಚೀಟಿಯೂ ಜೊತೆಗಿರಲಿ. ಬೇಗ ಗುರುತಿಸಿದರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸುತ್ತಾರೆ.

ಮಾತ್ರೆ ಬರೆಸುವಾಗಲೇ ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಹೇಳಿ. ಪ್ರಮಾಣ ಇಳಿಸಬೇಕೇ ಎಂದು ಕೇಳಿ. ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ನೀವಾಗಿ ಕೊಡಬೇಡಿ. ವೈದ್ಯರು ನೀರಿಗೆ ಮಿತಿ ಹೇಳಿರದಿದ್ದರೆ ಆಗಾಗ ನೀರು ಕುಡಿಸಿ. ರಮಝಾನ್ ಆಗಿದ್ದರೆ, ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ ಎಂಬುದನ್ನು ನೆನಪಿಸಿ. ಯುನಾನಿ ಜೋಶಾಂದಾ ಕುಡಿಯುತ್ತಿದ್ದರೆ ಅದನ್ನೂ ತಿಳಿಸಿ. ಅದು ಈ ಮಾತ್ರೆಗೆ ಬದಲಿಯಲ್ಲ.