ಹಚ್ಚೆ ಪಾಪವೇ? ಹಚ್ಚೆ ಹಾಕುವ ಕೆಲಸಕ್ಕೆ ಸಂಘದ ಸಾಲ ಕೊಡಬಹುದೇ?



ಗುರುಗುಂಟಾ ಭಾಗದ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ಪುಸ್ತಕ ಬರೆದಾದ ಮೇಲೆ ಸಾಲದ ಬೇಡಿಕೆ ಬಂತು. ಸದಸ್ಯೆಯೊಬ್ಬರು ತಮ್ಮ ಮಗಳಿಗಾಗಿ 25 ಸಾವಿರ ರೂಪಾಯಿ ಕೇಳಿದರು. ಮಗಳು ಪಿಯುಸಿ ಮುಗಿಸಿ, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಆರು ತಿಂಗಳು ಹಚ್ಚೆ ಹಾಕುವ ಕೆಲಸ ಕಲಿತು ಬಂದಿದ್ದಾಳೆ. ಈಗಿನ ಹುಡುಗರು ಟ್ಯಾಟೂ ಅನ್ನುತ್ತಾರಲ್ಲ, ಅದೇ. ಲಿಂಗಸುಗೂರಿನಲ್ಲಿ ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದು, ಮಷೀನು, ಸೂಜಿ, ಬಣ್ಣ ತರಬೇಕೆಂದು ಅವಳ ಆಸೆ.

ಎಮ್ಮೆಗೋ, ಹೊಲಿಗೆ ಮಷೀನಿಗೋ, ಕಿರಾಣಿ ಅಂಗಡಿಗೋ ಆಗಿದ್ದರೆ ಅರ್ಧ ತಾಸಿನಲ್ಲಿ ಠರಾವು ಆಗುತ್ತಿತ್ತು. ಇದಕ್ಕೆ ಮಾತ್ರ ಮೂರು ದಿಕ್ಕಿನಿಂದ ಮಾತು ಬಂತು.

"ನಾವು ಕ್ರೈಸ್ತರು. ಬೈಬಲ್‌ನ್ಯಾಗ ಹಚ್ಚಿ ಬ್ಯಾಡ ಅಂತ ಬರದೈತಿ" ಅಂದರು ಒಬ್ಬರು.

"ಅದು ಕೊರವರ ಕೆಲಸ. ಓದಿದ ಹುಡುಗಿ ಅದನ್ನ್ಯಾಕ ಮಾಡ್ಬೇಕು?" ಅಂದರು ಇನ್ನೊಬ್ಬರು.

"ಒಂದ ಸೂಜಿ ಹತ್ತು ಮಂದಿಗೆ ಚುಚ್ಚತಾರ್ರಿ. ಏಡ್ಸ್ ಬಂದ್ರ ಸಂಘದ ಹೆಸರು ಹಾಳಾಗತೈತಿ" ಅಂದರು ಮೂರನೆಯವರು.

ಬಾಗಿಲ ಬಳಿ ಕುಳಿತಿದ್ದ ಹುಡುಗಿಯ ಅಜ್ಜಿ ಸೆರಗು ಸರಿಸಿ ತಮ್ಮ ಎರಡೂ ಕೈ ಮುಂದೆ ಚಾಚಿದರು. ಮೊಣಕೈವರೆಗೂ ಹಸಿರು ಚುಕ್ಕಿ, ಚೇಳು, ತೊಟ್ಟಿಲು. "ಹಂಗಾರ ನಾ ಪಾಪ ಮಾಡೀನೇನ್ರವ್ವಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ಅಜ್ಜಿಗೂ ಆ ಹುಡುಗಿಗೂ ಉತ್ತರ ಸಿಗಬೇಕೆಂದು ಈ ಲೇಖನ ಬರೆಯುತ್ತಿದ್ದೇವೆ. ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದವರೂ ಇದ್ದೀರಿ. ಬೈಬಲಿನ ಮಾತು ಕ್ರೈಸ್ತ ಸದಸ್ಯೆಯರಿಗೆ ಹೆಚ್ಚು ಸಂಬಂಧಿಸಿದ್ದು. ಉಳಿದದ್ದು ಎಲ್ಲರಿಗೂ ಬೇಕಾದದ್ದು.

ಬೈಬಲ್ ಏನು ಹೇಳುತ್ತದೆ?

ಸಭೆಯಲ್ಲಿ ಹೇಳಿದ ಮಾತು ಸುಳ್ಳಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡ 19ನೇ ಅಧ್ಯಾಯ, 28ನೇ ವಚನದಲ್ಲಿ ಅದು ಇದೆ. ಸತ್ತವರಿಗಾಗಿ ಮೈಯನ್ನು ಕೊಯ್ದುಕೊಳ್ಳಬೇಡಿ, ಮೈಮೇಲೆ ಗುರುತು ಹಾಕಿಸಿಕೊಳ್ಳಬೇಡಿ ಎಂಬುದು ಅದರ ಅರ್ಥ. ಆದರೆ ಒಂದು ವಚನವನ್ನು ಮಾತ್ರ ಕಿತ್ತುಕೊಂಡು ಓದಬಾರದು. ಸುತ್ತಮುತ್ತಲಿನ ಜನಾಂಗಗಳು ಸತ್ತವರಿಗಾಗಿ ಮೈ ಕೊಯ್ದುಕೊಂಡು ಗೋಳಾಡುತ್ತಿದ್ದವು. ಇಸ್ರಾಯೇಲ್ ಜನ ಆ ಆಚರಣೆಗಳಿಂದ ದೂರ ಇರಲಿ ಎಂದು ಈ ನಿಯಮ ಬಂದದ್ದು.

ಅದೇ ಅಧ್ಯಾಯದಲ್ಲಿ ಎರಡು ಬಗೆಯ ನೂಲಿನ ಬಟ್ಟೆ ಉಡಬಾರದು, ಗಡ್ಡದ ಅಂಚು ಕತ್ತರಿಸಬಾರದು ಎಂದೂ ಇದೆ. ಇವನ್ನು ಇಂದು ಹೆಚ್ಚಿನ ಕ್ರೈಸ್ತರು ಪಾಲಿಸುವುದಿಲ್ಲ. ಅದೇ ಅಧ್ಯಾಯದಲ್ಲಿ ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು, ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂದೂ ಇದೆ. ಇವು ಎಂದೆಂದಿಗೂ ನಿಲ್ಲುವ ಮಾತು. ಹಚ್ಚೆಯ ವಚನ ಹಿಡಿದು ಇನ್ನೊಬ್ಬರನ್ನು ಬೈಯುವ ಮುಂಚೆ, ಕೂಲಿಯ ವಚನವನ್ನು ನಾವು ಎಷ್ಟು ಪಾಲಿಸಿದ್ದೇವೆ ಎಂದು ನೋಡಿಕೊಳ್ಳೋಣ.

ಇನ್ನೊಂದು ಮಾತಿದೆ. ಪ್ರವಾದಿ ಯೆಶಾಯನ 49ನೇ ಅಧ್ಯಾಯದಲ್ಲಿ, ನಿನ್ನನ್ನು ನನ್ನ ಅಂಗೈಯಲ್ಲೇ ಬರೆದುಕೊಂಡಿದ್ದೇನೆ ಎಂದು ದೇವರು ತನ್ನ ಜನರಿಗೆ ಹೇಳುತ್ತಾರೆ. ತಾಯಿ ಮಗುವನ್ನು ಮರೆತರೂ ತಾನು ಮರೆಯುವುದಿಲ್ಲ ಎಂದು ತಿಳಿಸಲು ಈ ಹೋಲಿಕೆ. ಅಳಿಸಲಾಗದ ಗುರುತು ಪ್ರೀತಿಯ ಗುರುತೂ ಆಗಬಹುದು ಎಂಬುದು ಬೈಬಲಿಗೆ ಗೊತ್ತು.

ಹಾಗೆಂದು ಮನಸ್ಸಿಗೆ ಬಂದದ್ದನ್ನು ಮಾಡಬಹುದು ಅಂತಲ್ಲ. ನಿಮ್ಮ ದೇಹ ಪವಿತ್ರಾತ್ಮರ ಆಲಯ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಆಲಯದ ಗೋಡೆಗೆ ಚಿತ್ರ ಬರೆಯಬಾರದು ಅಂತೇನಿಲ್ಲ. ಯಾವ ಚಿತ್ರ, ಯಾಕೆ, ಯಾರ ಕೈಯಿಂದ ಎಂದು ಮಾತ್ರ ಕೇಳಲೇಬೇಕು.

ಧರ್ಮಸಭೆ ಏನು ಮಾಡಿಕೊಂಡು ಬಂದಿದೆ?

ಹಚ್ಚೆಯೇ ಪಾಪ ಎಂದು ಸಾರುವ ನಿಯಮ ಕಥೋಲಿಕ ಧರ್ಮಸಭೆಯಲ್ಲಿ ಇಲ್ಲ. ಕೆಲವು ಬೇರೆ ಕ್ರೈಸ್ತ ಸಭೆಗಳಲ್ಲಿ ಕಟ್ಟುನಿಟ್ಟಾಗಿ ಬೇಡ ಎನ್ನುತ್ತಾರೆ. ಅವರ ನಂಬಿಕೆಯನ್ನು ಗೌರವಿಸೋಣ.

787ರಲ್ಲಿ ಇಂಗ್ಲೆಂಡಿನಲ್ಲಿ ಪೋಪ್ ಜಗದ್ಗುರುಗಳ ಪ್ರತಿನಿಧಿಗಳ ಎದುರು ಒಂದು ಸಭೆ ನಡೆಯಿತು. ಮೂಢನಂಬಿಕೆಯಿಂದ ಮೈಗೆ ಬಣ್ಣ ಚುಚ್ಚಿಸಿಕೊಂಡರೆ ಪ್ರಯೋಜನವಿಲ್ಲ, ದೇವರಿಗಾಗಿ ಆ ನೋವು ಪಟ್ಟಿದ್ದರೆ ಅದಕ್ಕೆ ಪ್ರತಿಫಲವಿದೆ ಎಂಬ ಅಭಿಪ್ರಾಯ ಅಲ್ಲಿ ದಾಖಲಾಯಿತು. ಅಂದರೆ ಅವರು ನೋಡಿದ್ದು ಬಣ್ಣವನ್ನಲ್ಲ, ಉದ್ದೇಶವನ್ನು.

ಈಜಿಪ್ಟ್ ದೇಶದ ಕೋಪ್ಟಿಕ್ ಕ್ರೈಸ್ತರು ಬಲಗೈ ಮಣಿಕಟ್ಟಿನ ಮೇಲೆ ಪುಟ್ಟ ಶಿಲುಬೆಯ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಿಗೂ ಹಾಕಿಸುವುದುಂಟು. ಹಿಂಸೆಯ ಕಾಲದಲ್ಲೂ ತಾವು ಯಾರೆಂಬುದನ್ನು ಮುಚ್ಚಿಡುವುದಿಲ್ಲ ಎಂಬುದು ಅದರ ಅರ್ಥ. ಯೂರೋಪಿನ ಬೋಸ್ನಿಯಾದಲ್ಲಿ ತುರ್ಕರ ಆಳ್ವಿಕೆ ಇದ್ದಾಗ ಕಥೋಲಿಕ ತಾಯಂದಿರು ಹೆಣ್ಣುಮಕ್ಕಳ ಕೈಗೆ ಶಿಲುಬೆಯ ಹಚ್ಚೆ ಹಾಕಿಸುತ್ತಿದ್ದರು. ಸಂತ ಜೋಸೆಫರ ಹಬ್ಬದ ಆಸುಪಾಸಿನಲ್ಲಿ ಊರಿನ ಹಿರಿಯ ಹೆಂಗಸರೇ ಹಾಕುತ್ತಿದ್ದರು. ಕಾಡಿಗೆ, ಜೇನು ಮತ್ತು ಬಾಣಂತಿಯ ಎದೆಹಾಲು ಕಲಸಿದ ಬಣ್ಣ. ನಮ್ಮ ಅಜ್ಜಿಯಂದಿರಿಗೆ ಇದೇನೂ ಹೊಸದೆನಿಸಲಿಕ್ಕಿಲ್ಲ.

ಇದನ್ನೇ ವೃತ್ತಿ ಮಾಡಿಕೊಂಡ ಕ್ರೈಸ್ತರೂ ಇದ್ದಾರೆ. ಜೆರುಸಲೇಮಿನ ಹಳೆಯ ಪಟ್ಟಣದಲ್ಲಿ ರಝೂಕ್ ಎಂಬ ಕುಟುಂಬವಿದೆ. ಅವರ ಹಿರಿಯರು ಈಜಿಪ್ಟಿನಿಂದ ಬಂದವರು. ಸುಮಾರು 700 ವರ್ಷಗಳಿಂದ ಇದೇ ತಮ್ಮ ಮನೆತನದ ಕಸುಬು ಎಂದು ಅವರು ಹೇಳುತ್ತಾರೆ. ಮರದಲ್ಲಿ ಕೆತ್ತಿದ ಹಳೆಯ ಅಚ್ಚುಗಳನ್ನು ಒತ್ತಿ, ಆ ಗೆರೆಯ ಮೇಲೆ ಯಾತ್ರಿಕರಿಗೆ ಹಚ್ಚೆ ಹಾಕುತ್ತಾರೆ.

2018ರ ಮಾರ್ಚ್‌ನಲ್ಲಿ ರೋಮಿನಲ್ಲಿ ಯುವಜನರ ಸಭೆ ನಡೆದಾಗ ಅಂದಿನ ಪೋಪ್ ಫ್ರಾನ್ಸಿಸ್ ಅವರ ಮುಂದೆಯೂ ಹಚ್ಚೆಯ ಪ್ರಶ್ನೆ ಬಂತು. ಹಚ್ಚೆ ಕಂಡು ಹೆದರಬೇಡಿ, ಹಣೆಯ ಮೇಲೆ ಶಿಲುಬೆ ಹಾಕಿಸಿಕೊಳ್ಳುವ ಎರಿಟ್ರಿಯಾದ ಕ್ರೈಸ್ತರನ್ನು ನೆನೆಯಿರಿ, ಅತಿಯಾಗುವುದೂ ಉಂಟು, ಆದರೆ ಹಚ್ಚೆಯಿಂದಲೇ ಆ ಯುವಕರ ಜೊತೆ ಮಾತು ಶುರುಮಾಡಬಹುದು ಎಂಬುದು ಅವರ ಮಾತಿನ ಸಾರ.

"ಅದು ಕೊರವರ ಕೆಲಸ"

ಮೊದಲಿನ ಎರಡು ಪ್ರಶ್ನೆಗಳಲ್ಲಿ ನಮಗೆ ಹೆಚ್ಚು ನೋವು ತಂದದ್ದು ಈ ಮಾತು.

ಹಚ್ಚೆ ಎಂದರೆ ಹಸಿರು. ತೆಲುಗಿನವರು ಪಚ್ಚಬೊಟ್ಟು ಅನ್ನುತ್ತಾರೆ. ಬುಟ್ಟಿ, ಕಸಬರಿಗೆ ಮಾರುತ್ತಾ ಊರೂರು ತಿರುಗುವ ಕೊರವರ ಹೆಣ್ಣುಮಕ್ಕಳು ನಮ್ಮ ಅಜ್ಜಿಯಂದಿರಿಗೆ ಹಚ್ಚೆ ಹಾಕಿದವರು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಅರೆದು, ಮೂರು-ನಾಲ್ಕು ಸೂಜಿಗಳನ್ನು ದಾರದಿಂದ ಒಟ್ಟಿಗೆ ಕಟ್ಟಿ, ಹಾಡು ಹೇಳಿ ನೋವು ಮರೆಸುತ್ತಾ ಚುಚ್ಚುತ್ತಿದ್ದರು. ಮೇಲೆ ಅರಿಸಿನ ಹಚ್ಚುತ್ತಿದ್ದರು. ಕೂಲಿ ಎಂದರೆ ಒಂದಿಷ್ಟು ಜೋಳ, ಒಂದು ಹಳೆ ಕುಬಸ.

ಅವರ ಕೈಯ ಗೆರೆ ಐವತ್ತು-ಅರವತ್ತು ವರ್ಷ ಕಳೆದರೂ ಅಜ್ಜಿಯ ಕೈಮೇಲೆ ಇದೆ. ಇಷ್ಟು ಕಸುಬು ತಿಳಿದವರನ್ನು ನಾವು ಪಡಸಾಲೆಗೆ ಕರೆಯಲಿಲ್ಲ, ಕಟ್ಟೆಯ ಮೇಲೆ ಕೂಡಿಸಿದೆವು. ಇಂದು ಅದೇ ಕೆಲಸವನ್ನು ಬೆಂಗಳೂರು, ಗೋವಾಗಳಲ್ಲಿ ಎಸಿ ಕೋಣೆಯಲ್ಲಿ ಮಾಡಿದವರಿಗೆ ಸಾವಿರಗಟ್ಟಲೆ ಕೊಡುತ್ತಾರೆ, ಕಲಾವಿದರು ಎಂದು ಕರೆಯುತ್ತಾರೆ. ಕೆಲಸ ಕೀಳಾಗಿರಲಿಲ್ಲ. ಮಾಡುವವರ ಜಾತಿ ನೋಡಿ ನಾವು ಕೀಳು ಮಾಡಿದೆವು. ಯೇಸುಸ್ವಾಮಿ ಸ್ವತಃ ಬಡಗಿಯ ಮನೆಯಲ್ಲಿ ಬೆಳೆದವರು. ಕೈಕೆಲಸವನ್ನು ಹೀಗಳೆಯುವುದು ಕ್ರೈಸ್ತರಿಗೆ ತಕ್ಕದ್ದಲ್ಲ.

ಸೂಜಿಯ ಭಯ ನಿಜವಾದದ್ದು

ಮೂರನೆಯ ಸದಸ್ಯೆಯ ಮಾತಿಗೆ ಮಾತ್ರ ನಾವು ಪೂರ್ತಿ ಒಪ್ಪುತ್ತೇವೆ. ಜಾತ್ರೆಯಲ್ಲಿ ನೋಡಿದ್ದೀರಿ. ಬ್ಯಾಟರಿ ಮಷೀನು ಹಿಡಿದು ಕುಳಿತವನು ಒಬ್ಬರಿಗೆ ಚುಚ್ಚಿ, ಅದೇ ಸೂಜಿಯನ್ನು ಬಟ್ಟೆಯಿಂದ ಒರೆಸಿ, ಅದೇ ಬಣ್ಣದ ಮುಚ್ಚಳದಲ್ಲಿ ಅದ್ದಿ ಮುಂದಿನವರಿಗೆ ಚುಚ್ಚುತ್ತಾನೆ. ಹೀಗೆ ಮಾಡಿದರೆ ರಕ್ತದ ಮೂಲಕ ಎಚ್‌ಐವಿ ಮತ್ತು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಕಾಮಾಲೆ ಒಬ್ಬರಿಂದ ಒಬ್ಬರಿಗೆ ದಾಟಬಹುದು. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೂ ಕನಿಷ್ಠ 7 ದಿನ ಬದುಕಿರುತ್ತದೆ. ಒರೆಸಿದರೆ, ಬಿಸಿನೀರಲ್ಲಿ ಅದ್ದಿದರೆ ಸಾಲದು.

ಬಣ್ಣದ ವಿಷಯವೂ ಇದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಸಚಿವರು, ಹಚ್ಚೆ ಬಣ್ಣಗಳ ಪರೀಕ್ಷೆಯಲ್ಲಿ ಆರ್ಸೆನಿಕ್, ಕ್ರೋಮಿಯಂ ಸೇರಿ 22 ಬಗೆಯ ಲೋಹಗಳು ಕಂಡುಬಂದಿವೆ ಎಂದು ತಿಳಿಸಿದರು. ಇದಕ್ಕೆ ನಿಯಮ ಮಾಡುವಂತೆ ಕೇಂದ್ರಕ್ಕೆ ಬರೆಯುವುದಾಗಿಯೂ ಹೇಳಿದರು. ಹೆಸರಿಲ್ಲದ ಅಗ್ಗದ ಬಣ್ಣ ಬೇಡವೇ ಬೇಡ.

ಕೆಲಸ ಮಾಡುವವರು ಪಾಲಿಸಬೇಕಾದದ್ದು:

1. ಒಬ್ಬರಿಗೆ ಒಂದೇ ಹೊಸ ಸೂಜಿ. ಪ್ಯಾಕೆಟ್ಟನ್ನು ಗಿರಾಕಿಯ ಕಣ್ಣೆದುರೇ ಒಡೆಯಬೇಕು. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕಬೇಕು, ತಿಪ್ಪೆಗೆ ಎಸೆಯಬಾರದು.

2. ಪ್ರತಿಯೊಬ್ಬರಿಗೂ ಬೇರೆ ಬಣ್ಣದ ಬಟ್ಟಲು. ಉಳಿದ ಬಣ್ಣವನ್ನು ಬಾಟಲಿಗೆ ವಾಪಸ್ ಸುರಿಯಬಾರದು.

3. ಕೈಗವಸು ಹಾಕಿಕೊಳ್ಳಬೇಕು, ಪ್ರತಿ ಸಲ ಬದಲಿಸಬೇಕು.

4. ಹಚ್ಚೆ ಹಾಕುವವರು ತಾವೂ ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಹಾಕಿಸಿಕೊಂಡಿರಬೇಕು.

5. ಸಕ್ಕರೆ ಕಾಯಿಲೆ, ಚರ್ಮದ ಕಾಯಿಲೆ ಇದ್ದವರಿಗೆ ಮತ್ತು ಗರ್ಭಿಣಿಯರಿಗೆ ಡಾಕ್ಟರನ್ನು ಕೇಳಿ ಬನ್ನಿ ಎನ್ನಬೇಕು.

ಹಚ್ಚೆ ಹಾಕಿಸಿಕೊಂಡವರಿಂದ ರಕ್ತನಿಧಿಯವರು ಒಂದು ವರ್ಷ ರಕ್ತ ತೆಗೆದುಕೊಳ್ಳುವುದಿಲ್ಲ ಎಂಬುದೂ ಗೊತ್ತಿರಲಿ.

ಯಾರ ಮೈ, ಯಾರ ಒಪ್ಪಿಗೆ?

ಇಲ್ಲಿಯೇ ಈ ಕೆಲಸದ ನಿಜವಾದ ಪಾಪ-ಪುಣ್ಯ ಇರುವುದು ಎಂದು ನಮಗೆ ಅನಿಸುತ್ತದೆ. ಎಮ್ಮೆ ಸಾಕುವವಳು ತಪ್ಪು ಮಾಡಿದರೆ ಹಾಲು ಕೆಡುತ್ತದೆ. ಹಚ್ಚೆ ಹಾಕುವವಳು ತಪ್ಪು ಮಾಡಿದರೆ ಇನ್ನೊಬ್ಬರ ಮೈ ಜೀವನಪರ್ಯಂತ ಕೆಡುತ್ತದೆ.

1993ರಲ್ಲಿ ಪಂಜಾಬಿನ ಅಮೃತಸರದಲ್ಲಿ ಪೊಲೀಸರು ಹೆಣ್ಣುಮಕ್ಕಳನ್ನು ಹಿಡಿದು, ಜೇಬುಗಳ್ಳಿ ಎಂಬ ಅರ್ಥದ ಮಾತನ್ನು ಅವರ ಹಣೆಯ ಮೇಲೆ ಹಚ್ಚೆ ಹಾಕಿಸಿದರು. 2016ರಲ್ಲಿ ನ್ಯಾಯಾಲಯ ತಪ್ಪಿತಸ್ಥರಿಗೆ ಶಿಕ್ಷೆ ಕೊಟ್ಟಿತು. ಆದರೆ ಅಷ್ಟು ವರ್ಷ ಆ ಹೆಂಗಸರು ಹೇಗೆ ತಲೆ ಎತ್ತಿ ನಡೆದಿರಬೇಕು? 4ನೇ ಶತಮಾನದಲ್ಲೇ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್, ಅಪರಾಧಿಗಳ ಮುಖಕ್ಕೆ ಗುರುತು ಹಾಕಬಾರದು ಎಂದು ಕಾನೂನು ಮಾಡಿದ್ದ. ಮನುಷ್ಯನ ಮುಖ ದೈವಿಕ ಸೌಂದರ್ಯದ ಹೋಲಿಕೆಯಲ್ಲಿದೆ ಎಂಬುದು ಅವನು ಕೊಟ್ಟ ಕಾರಣ.

ಬಲವಂತ ಹಣೆಯ ಮೇಲೆ ಮಾತ್ರ ನಡೆಯುವುದಿಲ್ಲ. "ನನ್ನ ಹೆಸರು ಹಾಕಿಸ್ಕೊಂಡ್ರ ಮಾತ್ರ ನಂಬತೀನಿ" ಎಂದು ಹುಡುಗ ಹಟ ಹಿಡಿಯುತ್ತಾನೆ. ಹದಿನಾರರ ಹುಡುಗಿ ಹಾಕಿಸಿಕೊಳ್ಳುತ್ತಾಳೆ. ಆಮೇಲೆ ಅಳಿಸಬೇಕೆಂದರೆ ಲೇಸರ್, ಹಲವು ಸಲ ಹೋಗಬೇಕು, ಖರ್ಚೂ ನೋವೂ ಹೆಚ್ಚು. ಸೇನೆಗೆ ಸೇರಬೇಕೆನ್ನುವ ಹುಡುಗರಿಗೂ ಎಚ್ಚರ ಬೇಕು. ಸೇನೆಯಲ್ಲಿ ಮುಂಗೈಯ ಒಳಭಾಗ ಮತ್ತು ಹಸ್ತದ ಹಿಂಭಾಗದಲ್ಲಿ ಮಾತ್ರ ಹಚ್ಚೆಗೆ ಅವಕಾಶ. ರೂಢಿಯಿರುವ ಬುಡಕಟ್ಟಿನವರಿಗೆ ವಿನಾಯಿತಿ ಇದೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಳತೆಯ ಮಿತಿಯೂ ಇದೆ. ಕುತ್ತಿಗೆಯ ಮೇಲೊಂದು ಚಿತ್ರ ಹಾಕಿಸಿಕೊಂಡು ನೌಕರಿ ಕಳೆದುಕೊಳ್ಳಬಾರದಲ್ಲ. ಇದನ್ನು ಮೊದಲೇ ಹೇಳುವವಳೇ ಪ್ರಾಮಾಣಿಕ ಕೆಲಸಗಾರ್ತಿ.

ಆದ್ದರಿಂದ 18 ತುಂಬದವರಿಗೆ, ಕುಡಿದು ಬಂದವರಿಗೆ, ಅಳುತ್ತಾ ಬಂದವರಿಗೆ ಸೂಜಿ ಮುಟ್ಟಿಸಬಾರದು. ಬೇರೆ ಜಾತಿ, ಧರ್ಮದವರನ್ನು ಹಳಿಯುವ, ಹೆಣ್ಣನ್ನು ಅವಮಾನಿಸುವ ಚಿತ್ರ ಹಾಕಬಾರದು. ದುಡ್ಡು ಎಷ್ಟೇ ಕೊಡಲಿ, "ಆಗಲ್ರಿ" ಅನ್ನುವ ಧೈರ್ಯ ಬೇಕು.

ಸಂಘ ಏನು ತೀರ್ಮಾನಿಸಿತು?

ಎರಡು ವಾರ ಚರ್ಚೆಯಾಯಿತು. ಹುಡುಗಿಯನ್ನೇ ಸಭೆಗೆ ಕರೆದು ಕೇಳಿದರು. ಅವಳು ಸೂಜಿಯ ಪ್ಯಾಕೆಟ್ ತಂದು ತೋರಿಸಿದಳು. ಲಸಿಕೆಯ ಎರಡು ಡೋಸ್ ಆಗಿದೆ, ಮೂರನೆಯದು ಬಾಕಿ ಅಂದಳು. ಮೂರನೆಯದು ಆದ ಮೇಲೆ ಚೀಟಿ ತೋರಿಸಿದರೆ ಮೊದಲ ಕಂತು 15 ಸಾವಿರ, ಆರು ತಿಂಗಳು ಮರುಪಾವತಿ ಸರಿ ಇದ್ದರೆ ಉಳಿದ 10 ಸಾವಿರ ಎಂದು ಠರಾವು ಬರೆದರು. ಜಾತ್ರೆಯಲ್ಲಿ ಧೂಳಿನ ನಡುವೆ ಕೂಡಬಾರದು ಎಂಬ ಷರತ್ತನ್ನು ಏಡ್ಸ್ ಮಾತು ಎತ್ತಿದ ಸದಸ್ಯೆಯೇ ಸೇರಿಸಿದರು. ಬೈಬಲ್ ಮಾತು ಎತ್ತಿದವರೂ ಸಹಿ ಹಾಕಿದರು. "ನನ್ನ ಮಗಳಿಗೆ ಮಾತ್ರ ಹಾಕ್ಸಲ್ಲ" ಅಂದರು. ಅದೂ ಸರಿಯೇ. ಹಾಕಿಸಿಕೊಳ್ಳುವುದೂ ಬಿಡುವುದೂ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು.

ಕೊನೆಗೆ ಅಜ್ಜಿಯ ಪ್ರಶ್ನೆ. ಸತ್ತಾಗ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಒಂದೇ ಜೊತೆಗೆ ಬರುತ್ತದೆ ಎಂಬುದು ಹಿರಿಯರ ನಂಬಿಕೆ. ಅಜ್ಜೀ, ನೀವು ಪಾಪ ಮಾಡಿಲ್ಲ. ಜ್ಞಾನಸ್ನಾನದಲ್ಲಿ ನಿಮ್ಮ ಆತ್ಮದ ಮೇಲೆ ಬಿದ್ದ ಮುದ್ರೆಯೂ ಅಳಿಯುವಂಥದ್ದಲ್ಲ ಎಂದು ಧರ್ಮಸಭೆ ಕಲಿಸುತ್ತದೆ. ಆ ಕೈಗಳಿಂದ ನೀವು ಎಷ್ಟು ಮಂದಿಗೆ ರೊಟ್ಟಿ ತಟ್ಟಿ ಹಾಕಿದ್ದೀರಿ, ಅದೂ ನಿಮ್ಮ ಜೊತೆಗೆ ಬರುತ್ತದೆ.

ಸಂಘದಲ್ಲಿ ಚರ್ಚಿಸಿರಿ

1. ನಮ್ಮ ಊರಲ್ಲಿ ಕೀಳೆಂದು ದೂರ ಇಟ್ಟ ಕಸುಬುಗಳು ಯಾವುವು? ಅವನ್ನು ಮಾಡುವವರು ನಮ್ಮ ಸಂಘದಲ್ಲಿ ಇದ್ದಾರೆಯೇ?

2. ಸಾಲ ಕೊಡುವಾಗ ಮರುಪಾವತಿಯ ಜೊತೆಗೆ, ಆ ಕೆಲಸದಿಂದ ಬೇರೆಯವರಿಗೆ ಹಾನಿ ಆಗುತ್ತದೆಯೇ ಎಂದು ನಾವು ಕೇಳುತ್ತೇವೆಯೇ?

3. ಮುಂದಿನ ಜಾತ್ರೆಗೆ ಮುಂಚೆ ನಮ್ಮ ಮಕ್ಕಳಿಗೆ ಸೂಜಿಯ ವಿಷಯ ಯಾರು ತಿಳಿಸಿ ಹೇಳುತ್ತೀರಿ?