ಏರಿ ಒಡೆಯುವ ಮೊದಲು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಗ್ರಾಮಮುಖಂಡರಿಗೂ ಭೂಮಾಲೀಕರಿಗೂ ಕೆರೆಯ ಏರಿಯ ಗುಣವನ್ನು ಹೇಳಿಕೊಡುವ ಅವಶ್ಯಕತೆಯಿಲ್ಲ. ನೀರು ಏರಿಯ ತಲೆಗಿಂತ ಒಂದು ಗೇಣು ಕೆಳಗಿರುವವರೆಗೆ ಅಪಾಯವು ಕಣ್ಣಿಗೆ ಬೀಳುವದಿಲ್ಲ. ಆ ಗೇಣನ್ನು ದಾಟಿತೆಂದರೆ ಮಣ್ಣು ಕೊಚ್ಚಿ ಏರಿಯು ಒಡೆಯುವದು. ಆಮೇಲೆ ಮಳೆಯು ನಿಂತರೂ ಒಡೆದ ಏರಿಯು ತಾನಾಗಿ ಕೂಡಲಾರದು. ಹಿರೇಕೆರೂರು ಸೀಮೆಯ ಮಾಸೂರಿನ ಬಳಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯ ಏರಿಯು ಹೀಗೆಯೇ ಒಡೆಯಿತು. ಮುಂದೆ ದುರಸ್ತಿಯಾದರೂ ಈಗಿನ ಕೆರೆಯು ಹಳೆಯದರ ಒಂದು ಸಣ್ಣ ಭಾಗ ಮಾತ್ರ.

ಹವಾಮಾನಶಾಸ್ತ್ರಜ್ಞರು ಜಗತ್ತಿನ ವಿಷಯದಲ್ಲಿಯೂ ಇಂಥದೇ ಎಚ್ಚರಿಕೆಯನ್ನು ಕೊಡುತ್ತಿರುವರು. ಗ್ರೀನ್‌ಲಂಡದ ಹಿಮರಾಶಿ, ಅಮೆಜಾನಿನ ಅರಣ್ಯ ಮೊದಲಾದವು ಒಂದು ಮೇರೆಯನ್ನು ಮೀರಿ ಕೆಟ್ಟರೆ, ಮರಳಿ ಮೊದಲಿನಂತಾಗುವದು ದುಸ್ತರವೆಂದು ಅವರ ಅಭಿಪ್ರಾಯ. ಭೂಮಿಯ ಕಾವು 1.5 ಅಂಶ ಸೆಲ್ಸಿಯಸ್ಸಿಗಿಂತ ಹೆಚ್ಚದಂತೆ ಯತ್ನಿಸಬೇಕೆಂದು 2015ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಗಳು ಒಪ್ಪಿದ್ದವು. 2024ನೆಯ ಇಸವಿಯು ಆ ಅಂಕಿಯನ್ನು ದಾಟಿದ ಮೊದಲನೆಯ ವರ್ಷವಾಯಿತು. ಗಾಳಿಯು ಒಂದು ಅಂಶ ಹೆಚ್ಚು ಕಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ತೇವವನ್ನು ಹಿಡಿಯಬಲ್ಲದು. ಆದಕಾರಣ ಬಿದ್ದರೆ ಬಿರುಮಳೆ, ಬಾರದಿದ್ದರೆ ದೀರ್ಘವಾದ ಒಣಹವೆ.

ಇವೆರಡನ್ನೂ ನಾವು ಕಂಡಿರುವೆವು. 2019ರ ಆಗಸ್ಟಿನಲ್ಲಿ ವರದಾ ನದಿಯು ಉಕ್ಕಿ ದಂಡೆಯ ಹೊಲಗಳನ್ನು ಮುಳುಗಿಸಿತು. 2023ರಲ್ಲಿ ಆಶ್ಲೇಷಾ, ಮಘಾ ಮಳೆಗಳು ಕೈಕೊಟ್ಟವು. ಹಿಂದುಸ್ಥಾನದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಮತ್ತೊಂದಿಲ್ಲ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಒಂದೆರಡು ವರ್ಷಗಳ ಏರುಪೇರಿನಿಂದಲೇ ಹವೆಯು ಬದಲಾಯಿತೆಂದು ಸಾಧಿಸಲಾಗದು. ಆದರೆ ಅದನ್ನು ತಾಳುವ ಶಕ್ತಿಯು ನಮ್ಮ ನೆಲದಲ್ಲಿ ಕುಗ್ಗುತ್ತಿರುವದೇ ಚಿಂತೆಯ ವಿಷಯ.

ಈ ಅರೆಮಲೆನಾಡಿನಲ್ಲಿ ರೋಹಿಣಿ ಮಳೆಗೆ ಕೂರಿಗೆಯಿಂದ ಭತ್ತ ಬಿತ್ತುವದು ಹಿರಿಯರ ಪದ್ಧತಿ. ಆ ಭತ್ತವು ಎಳೆಯದಿರುವಾಗ ಒಣಹವೆಯನ್ನೂ, ಬೆಳೆದ ಮೇಲೆ ನಿಂತ ನೀರನ್ನೂ ತಾಳುತ್ತಿತ್ತು. ಈಗ ಅದರ ಬಹುಪಾಲು ಸ್ಥಳವನ್ನು ಗೋವಿನಜೋಳವು ಆಕ್ರಮಿಸಿದೆ. ಇದು ಹಣದ ಬೆಳೆಯೆಂಬುದು ನಿಜ. ಆದರೆ ಬೇರಿನಲ್ಲಿ ನೀರು ನಿಂತರೆ ಕೆಡುವದು. ಮೇಲಾಗಿ 2018ರಲ್ಲಿ ಶಿವಮೊಗ್ಗೆಯ ಕಡೆ ಮೊದಲು ಕಂಡ ಸೈನಿಕ ಹುಳುವಿನ ಕಾಟವೂ ಇದಕ್ಕುಂಟು. ಅಡಿಕೆಯ ತೋಟಗಳು ಕೊಳವೆ ಬಾವಿಗಳನ್ನೇ ನಂಬಿವೆ. ಕೆರೆಯು ಹೂಳಿನಿಂದ ತುಂಬಿ, ಅಂತರ್ಜಲವು ಇಳಿದು, ಬಾವಿಯು ಬತ್ತಿದ ದಿವಸ ಹತ್ತು ವರ್ಷದ ತೋಟವು ಒಂದೇ ಬೇಸಿಗೆಯಲ್ಲಿ ಒಣಗುವದು. ನಮ್ಮ ಊರ ಏರಿ ಒಡೆಯುವದೆಂದರೆ ಇದೇ.

ಉಪಾಯವು ನಮ್ಮ ಜಿಲ್ಲೆಗೆ ಹೊಸದಲ್ಲ. ಜಾಗತಿಕ ಬ್ಯಾಂಕಿನ ನೆರವಿನಿಂದ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದಾಗಿತ್ತು. ಅದರಲ್ಲಿ ಹಳ್ಳಿಯ ಸಂಘಗಳೇ ಕೆಲಸವನ್ನು ಗೊತ್ತುಪಡಿಸಿ, ಹೊಲದವರು ಖರ್ಚಿನ ಪಾಲನ್ನು ಹೊರುತ್ತಿದ್ದರು. ಒಡ್ಡನ್ನು ಒಬ್ಬನೇ ಹಾಕಬಹುದು. ಹಳ್ಳದ ನೀರು ಮಾತ್ರ ಯಾರ ಸರ್ವೆ ನಂಬರನ್ನೂ ಕೇಳುವದಿಲ್ಲ. ಮೇಲಿನ ಹೊಲದವನು ಒಪ್ಪದಿದ್ದರೆ ಕೆಳಗಿನವನ ಶ್ರಮವು ವ್ಯರ್ಥ.

ಕಾರಣ, ಮಳೆಗಾಲಕ್ಕೆ ಮೊದಲು ಪ್ರತಿ ಊರಿನವರೂ ಸಭೆ ಸೇರಿ ಈ ಕೆಳಗಿನ ಸಂಗತಿಗಳನ್ನು ನಿಶ್ಚಯಿಸತಕ್ಕದ್ದು:

1. ಕೆರೆಯ ಹೂಳನ್ನು ತೆಗೆದು ಮಸಾರಿ ಹೊಲಗಳಿಗೆ ಹಾಕುವದು, ಕೋಡಿಯನ್ನು ದುರಸ್ತಿಯಲ್ಲಿಡುವದು.

2. ಇಳಿಜಾರಿಗೆ ಅಡ್ಡಲಾಗಿ ಹರಗಿ ಬಿತ್ತುವದು. ಒಡೆದ ಒಡ್ಡುಗಳನ್ನು ಕಟ್ಟುವದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರಾಗುವದೆಂಬುದನ್ನು ನೆನೆಯಬೇಕು.

3. ಅನುಕೂಲವಿದ್ದಲ್ಲಿ ಕೃಷಿಹೊಂಡವನ್ನು ತೋಡುವದು.

4. ಗೋವಿನಜೋಳದಲ್ಲಿ ತೊಗರಿಯ ಸಾಲು ಬಿಡುವದು; ತಗ್ಗಿನ ಹೊಲದಲ್ಲಿ ಕೂರಿಗೆ ಭತ್ತದ ಬೀಜವನ್ನು ಕಾಯ್ದಿಡುವದು.

5. ನೆರೆಯವನ ಬಾವಿಯ ಸಮೀಪದಲ್ಲಿ ಹೊಸ ಕೊಳವೆ ಬಾವಿಯನ್ನು ಕೊರೆಯದಿರುವದು.

ಜಗತ್ತಿನ ಕಾವನ್ನು ಒಂದು ಹಳ್ಳಿಯು ತಗ್ಗಿಸಲಾರದು. ಆದರೆ ತನ್ನ ಏರಿಗೂ ನೀರಿಗೂ ನಡುವಿನ ಆ ಒಂದು ಗೇಣನ್ನು ಉಳಿಸಿಕೊಳ್ಳಬಲ್ಲದು. ಮುಖಂಡರು ಮುಂದೆ ನಿಂತರೆ ಊರು ಹಿಂದೆ ಬರುವದು.